ಸಂವಿಧಾನದ ಮೊದಲ ಕರಡು ಬರೆದ ಬೆನಗಲ್ ನರಸಿಂಗ ರಾಯರು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ನಾನು ಶಾಲೆಯ ಹಳೆಯ ನೆನಪುಗಳನ್ನು ಬರೆಯುವೆನೆಂದೇ ಅವರು ಎಣಿಸಿದ್ದರು. ನೆನಪುಗಳನ್ನು ಬರೆಯಲು ನನಗಿಂತ ಸಮರ್ಥರು ಹಲವರಿದ್ದಾರೆ. ಮೂವತ್ತು ವರ್ಷಗಳ ಕಾಲ ಇಲ್ಲಿ ಸಮಾಜ ಪಾಠ ಕಲಿಸಿದ ನನ್ನ ಮೇಲೆ ಬೇರೊಂದು ಸಾಲ ಉಳಿದಿದೆ. ಅದನ್ನು ಈ ಸಂದರ್ಭದಲ್ಲಾದರೂ ತೀರಿಸಬೇಕೆಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

1986ನೆಯ ಇಸವಿ ಇರಬೇಕು. ಏಳನೆಯ ತರಗತಿಯಲ್ಲಿ ಭಾರತದ ನಕ್ಷೆಯನ್ನು ಗೋಡೆಗೆ ತೂಗಹಾಕಿ ರಾಜ್ಯಗಳ ಗಡಿಗಳನ್ನು ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗನು ಎದ್ದುನಿಂತು, ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು, ತಿರುವನಂತಪುರಕ್ಕೆ ಐನೂರಕ್ಕೂ ಮಿಕ್ಕಿದ ದೂರ, ಹೀಗಿರುವಾಗ ನಮ್ಮ ಊರನ್ನು ಈ ಕಡೆಗೆ ಸೇರಿಸಿದವರು ಯಾರು, ಸೇರಿಸುವಾಗ ನಮ್ಮವರನ್ನು ಕೇಳಿದ್ದರೇ ಎಂದು ಪ್ರಶ್ನಿಸಿದನು. ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡವೆಂದು ಗದರಿ ನಾನು ಅವನನ್ನು ಕೂರಿಸಿದೆ. ನಿಜ ಹೇಳುವುದಾದರೆ ಉತ್ತರ ನನಗೆ ತಿಳಿದಿರಲಿಲ್ಲ. 1956ರ ಜೂನ್ ತಿಂಗಳಲ್ಲಿ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಂದನೆಯ ತರಗತಿಗೆ ಸೇರಿದ ನಾನು ನವೆಂಬರ್ 1ರಂದು ಕೇರಳ ರಾಜ್ಯದ ವಿದ್ಯಾರ್ಥಿಯಾದೆ. ಬೆಂಚು ಅದೇ, ಸ್ಲೇಟು ಅದೇ, ಮಾಸ್ಟ್ರೂ ಅವರೇ. ಇದು ಹೇಗಾಯಿತೆಂದು ನಾನೂ ಯಾರನ್ನೂ ಕೇಳಿರಲಿಲ್ಲ.

ಆ ಹುಡುಗನ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ದೊರೆತವರು ಬೆನಗಲ್ ನರಸಿಂಗ ರಾಯರು. ಮಂಗಳೂರಿನ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಅವರ ಟಿಪ್ಪಣಿಗಳ ಇಂಗ್ಲಿಷ್ ಸಂಕಲನವೊಂದು ಸಿಕ್ಕಿತು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಅಧ್ಯಾಪಕ ತರಬೇತಿ ಪಡೆದ ನನಗೆ ಆ ಇಂಗ್ಲಿಷು ಸುಲಭವಾಗಿರಲಿಲ್ಲ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಬೇಸಗೆ ರಜೆಗಳಲ್ಲಿ ಓದಿದೆ. ಓದುತ್ತಾ ಹೋದಂತೆ, ನಮ್ಮ ಹಳೆಯ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ಇಂತಹ ಒಬ್ಬರ ಹೆಸರನ್ನು ನಮ್ಮ ಮಕ್ಕಳಿಗೆ ಒಂದು ಸಲವೂ ಹೇಳಲಿಲ್ಲವಲ್ಲ ಎಂಬ ನಾಚಿಕೆ ನನ್ನಲ್ಲಿ ಬೆಳೆಯಿತು.

ರಾಯರು ಜನಿಸಿದ್ದು 1887ನೆಯ ಇಸವಿ ಫೆಬ್ರವರಿ 26ರಂದು. ಕೊಂಕಣಿ ಮನೆಮಾತಿನ ಸಾರಸ್ವತ ಮನೆತನ. ತಂದೆ ಬೆನಗಲ್ ರಾಘವೇಂದ್ರ ರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬಾಲಕನು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಮದ್ರಾಸ್ ಪ್ರಾಂತಕ್ಕೆ ಮೊದಲಿಗನಾದನು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಸ್ಥಾಪಿಸಿದ ಆ ಶಾಲೆಯು ಆಗಿನ್ನೂ ಎಳೆಯದು. ಮದ್ರಾಸ್ ವಿಶ್ವವಿದ್ಯಾಲಯದ ಪದವಿ ಪರೀಕ್ಷೆಯಲ್ಲಿ ಇಂಗ್ಲಿಷ್, ಭೌತಶಾಸ್ತ್ರ ಮತ್ತು ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ, ಆ ಮೇಲೆ ಗಣಿತದಲ್ಲಿಯೂ ಪ್ರಥಮ ದರ್ಜೆ. ಸಂಸ್ಕೃತ ಮತ್ತು ಗಣಿತ ಒಂದೇ ತಲೆಯಲ್ಲಿ ಕೂಡಿದ್ದುದರಿಂದಲೇ ಮುಂದೆ ಅವರ ಬರವಣಿಗೆಯಲ್ಲಿ ಒಂದು ಪದವೂ ಹೆಚ್ಚಾಗದ ಸೂತ್ರಶೈಲಿ ಬಂದಿತೆಂದು ನನ್ನ ಊಹೆ. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಜವಾಹರಲಾಲ್ ನೆಹರೂ ಅವರೂ ಅದೇ ವರ್ಷಗಳಲ್ಲಿ ಅದೇ ಕಾಲೇಜಿನಲ್ಲಿದ್ದರು.

1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದಾಗ, ಬಂಧುಮಿತ್ರರು ಬಹಳವಿರುವ ಮದ್ರಾಸ್ ಪ್ರಾಂತ ತಮಗೆ ಬೇಡ, ಬೇರೆಡೆಗೆ ಕಳುಹಿಸಬೇಕು ಎಂದು ಅವರು ಕೇಳಿಕೊಂಡರು. ಸ್ವಂತ ಊರಿನ ಹತ್ತಿರಕ್ಕೆ ವರ್ಗಾವಣೆಗಾಗಿ ಎಷ್ಟು ಬಾಗಿಲು ತಟ್ಟುತ್ತೇವೆಂಬುದನ್ನು ನಾವು ಅಧ್ಯಾಪಕರು ಚೆನ್ನಾಗಿ ಬಲ್ಲೆವು. ಆದುದರಿಂದ ಈ ಸಂಗತಿಯು ನನ್ನ ಮನಸ್ಸಿನಲ್ಲಿ ಊರಿ ನಿಂತಿದೆ. ಅವರನ್ನು ಬಂಗಾಳಕ್ಕೆ ಕಳುಹಿಸಲಾಯಿತು. ಬಂಗಾಳ ಮತ್ತು ಅಸ್ಸಾಮಿನಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ, ಶಾಸನ ಇಲಾಖೆಯ ಕಾರ್ಯದರ್ಶಿಯಾಗಿ ದುಡಿದರು. 1935ರ ಭಾರತ ಸರಕಾರದ ಕಾಯಿದೆಯು ಬಂದ ಮೇಲೆ, ದೇಶದಲ್ಲಿ ಜಾರಿಯಲ್ಲಿದ್ದ ಹಳೆಯ ಕಾಯಿದೆಗಳನ್ನೆಲ್ಲ ಅದಕ್ಕೆ ಹೊಂದುವಂತೆ ತಿದ್ದುವ ಮಹತ್ಕಾರ್ಯ ಅವರ ಪಾಲಿಗೆ ಬಂದಿತು. ಕೇಂದ್ರಕ್ಕೆ ಯಾವುದು, ಪ್ರಾಂತಕ್ಕೆ ಯಾವುದು ಎಂದು ಒಂದೊಂದು ಕಾಯಿದೆಯನ್ನೂ ಎತ್ತಿ ನೋಡಿ ವಿಂಗಡಿಸುವ ಕೆಲಸ. 1938ರಲ್ಲಿ ಸರ್ ಪದವಿ ದೊರೆಯಿತು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರೂ ಆದರು.

ಎರಡು ಪ್ರಾಂತಗಳು ಜಗಳವಾಡಿದರೆ ತೀರ್ಪು ಕೊಡುವವರು ಯಾರು ಎಂಬ ಪ್ರಶ್ನೆ ಅವರ ಮುಂದೆ ನೀರಿನ ರೂಪದಲ್ಲಿ ಬಂದಿತು. ಪಂಜಾಬಿನ ಹೊಸ ಅಣೆಕಟ್ಟಿನ ಯೋಜನೆಗಳಿಂದ ತನ್ನ ಕಾಲುವೆಗಳಿಗೆ ನೀರು ಕಡಿಮೆಯಾಗುವುದೆಂದು ಸಿಂಧ್ ಪ್ರಾಂತ ದೂರಿತು. 1941ರಲ್ಲಿ ನೇಮಕವಾದ ಸಿಂಧೂ ಆಯೋಗಕ್ಕೆ ರಾಯರು ಅಧ್ಯಕ್ಷರಾದರು. ಮೇಲ್ದಂಡೆಯವನು ತನ್ನ ನೆಲದಲ್ಲಿ ಹರಿಯುವ ನೀರೆಲ್ಲ ತನ್ನದೇ ಎನ್ನುವಂತಿಲ್ಲ, ಕೆಳದಂಡೆಯವನು ಹಿಂದಿನಿಂದ ಬಂದಷ್ಟೂ ತಪ್ಪದೆ ಬರಲೇಬೇಕು ಎನ್ನುವಂತಿಲ್ಲ, ತಮ್ಮತಮ್ಮಲ್ಲಿ ಮಾತಾಡಿ ಒಪ್ಪಿಕೊಳ್ಳುವುದೇ ಉತ್ತಮ, ಒಪ್ಪದಿದ್ದರೆ ಇಬ್ಬರಿಗೂ ನ್ಯಾಯವಾದ ಪಾಲು ಸಿಗಬೇಕು ಎಂಬುದು 1942ರ ಅವರ ವರದಿಯ ಸಾರ. ಇಂತಹ ಜಗಳಗಳನ್ನು ಸಾಮಾನ್ಯ ನ್ಯಾಯಾಲಯಗಳಿಂದ ಹೊರಗಿಡುವ ಪದ್ಧತಿ 1935ರ ಕಾಯಿದೆಯಲ್ಲಿತ್ತು. ಸ್ವತಂತ್ರ ಭಾರತದ ಸಂವಿಧಾನದ 262ನೆಯ ವಿಧಿಯು ಅದೇ ಜಾಡಿನಲ್ಲಿ ಸಾಗಿ, ನದಿ ನೀರಿನ ವಿವಾದಗಳಲ್ಲಿ ನ್ಯಾಯಾಲಯದ ಅಧಿಕಾರವನ್ನು ತೆಗೆದುಹಾಕುವ ಹಕ್ಕನ್ನು ಸಂಸತ್ತಿಗೆ ಕೊಟ್ಟಿತು. ಕಾವೇರಿಗೆ 1990ರಲ್ಲಿ ನ್ಯಾಯಮಂಡಳಿ ಬಂದದ್ದು ಈ ವ್ಯವಸ್ಥೆಯಿಂದ. ಕೊನೆಗೆ 2018ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದಲ್ಲೇ ಇತ್ಯರ್ಥವಾಗಬೇಕಾಯಿತೆಂಬುದು ಬೇರೆ ಮಾತು.

ಹಿಂದೂ ಕಾನೂನನ್ನು ಸುಧಾರಿಸುವ ಸಮಿತಿಗೂ ಅವರೇ ಅಧ್ಯಕ್ಷರಾಗಿದ್ದರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಏಕಪತ್ನೀತ್ವ, ವಿಚ್ಛೇದನ ಮುಂತಾದವನ್ನೊಳಗೊಂಡ ಆ ಕರಡಿಗೆ ದೊಡ್ಡ ವಿರೋಧ ಬಂದು, 1955 ಮತ್ತು 56ರಲ್ಲಿ ಅದು ತುಂಡುತುಂಡಾಗಿ ಕಾಯಿದೆಯಾಯಿತು. ನಡುವೆ 1944ರಿಂದ 45ರವರೆಗೆ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದು, ಮಹಾರಾಜರೊಡನೆ ಅಭಿಪ್ರಾಯ ಕೂಡದೆ ರಾಜೀನಾಮೆ ಕೊಟ್ಟು ಬಂದರು.

1946ರ ಜುಲೈ ತಿಂಗಳಲ್ಲಿ ರಾಯರು ಸಂವಿಧಾನ ರಚನಾ ಸಭೆಯ ಸಲಹೆಗಾರರಾದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಸಂಬಳ ಬೇಡವೆಂದು ಗೌರವಾರ್ಥವಾಗಿಯೇ ದುಡಿದರು. ಇಲ್ಲಿ ನಮ್ಮ ಮಕ್ಕಳು ಗಮನಿಸಬೇಕಾದ ಒಂದು ವಿಚಾರವಿದೆ. ರಾಯರು ಆ ಸಭೆಯ ಸದಸ್ಯರಲ್ಲ. ಅವರಿಗೆ ಅಲ್ಲಿ ಮತವಿರಲಿಲ್ಲ. ಸಭೆಯಲ್ಲಿ ಎದ್ದುನಿಂತು ಭಾಷಣ ಮಾಡುವ ಹಕ್ಕೂ ಇರಲಿಲ್ಲ. ಅವರ ಸೋದರ ಬಿ. ಶಿವರಾಯರು ಸದಸ್ಯರಾಗಿದ್ದರು. ಅಣ್ಣನ ಕೈಯಲ್ಲಿ ಇದ್ದುದು ಲೇಖನಿ ಮಾತ್ರ. ನಾನಾ ದೇಶಗಳ ಸಂವಿಧಾನಗಳಿಂದ ಆರಿಸಿದ ಭಾಗಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಿದರು. 1947ರ ಮಾರ್ಚಿನಲ್ಲಿ ಒಂದು ಪ್ರಶ್ನಾವಳಿಯನ್ನು ಕಳುಹಿಸಿ ಉತ್ತರ ಕೇಳಿದರು. ಒಳ್ಳೆಯ ಅಧ್ಯಾಪಕರ ಲಕ್ಷಣವಿದು, ಮೊದಲು ಓದಲು ಕೊಟ್ಟು ಆಮೇಲೆ ಪ್ರಶ್ನೆ ಕೇಳುವುದು.

ಆಗ ಕೇಂದ್ರ ಮತ್ತು ಪ್ರಾಂತಗಳ ಅಧಿಕಾರದ ಪ್ರಶ್ನೆಯು ಗಳಿಗೆಗೊಂದು ರೂಪ ತಾಳುತ್ತಿತ್ತು. ಕ್ಯಾಬಿನೆಟ್ ನಿಯೋಗದ ಯೋಜನೆಯಂತೆ ಕೇಂದ್ರಕ್ಕೆ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರೇ. ಉಳಿದುದೆಲ್ಲ ಪ್ರಾಂತಗಳದು. ದೇಶ ವಿಭಜನೆಯ ನಿರ್ಧಾರ 1947ರ ಜೂನ್ 3ರಂದು ಪ್ರಕಟವಾದ ಒಂದೇ ತಿಂಗಳಲ್ಲಿ ಆ ಲೆಕ್ಕ ತಲೆಕೆಳಗಾಗಿ, ಬಲಿಷ್ಠ ಕೇಂದ್ರ ಬೇಕೆಂದು ಸಮಿತಿಗಳು ತೀರ್ಮಾನಿಸಿದವು. ರಾಯರು 1935ರ ಕಾಯಿದೆಯ ಮೂರು ಪಟ್ಟಿಗಳನ್ನು ಮತ್ತೆ ಕೈಗೆತ್ತಿಕೊಂಡರು. ಕೊನೆಗೆ ಸಂವಿಧಾನದಲ್ಲಿ ಬಂದದ್ದು ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳು. ಮೂರರಲ್ಲೂ ಹೇಳದೆ ಉಳಿದುದು ಕೇಂದ್ರಕ್ಕೆ. ಶಿಕ್ಷಣವು ರಾಜ್ಯ ಪಟ್ಟಿಯಲ್ಲಿ ಹನ್ನೊಂದನೆಯದಾಗಿತ್ತು. 1976ರ 42ನೆಯ ತಿದ್ದುಪಡಿಯಿಂದ ಅದು ಸಮವರ್ತಿ ಪಟ್ಟಿಗೆ ಹೋಯಿತು. ಅಂದರೆ ನಾನು ಅಧ್ಯಾಪಕನಾಗಿ ಸೇರಿದ್ದು ಒಂದು ಪಟ್ಟಿಯಲ್ಲಿ, ನಿವೃತ್ತನಾದದ್ದು ಇನ್ನೊಂದು ಪಟ್ಟಿಯಲ್ಲಿ.

1947ರ ಅಕ್ಟೋಬರಿನಲ್ಲಿ ರಾಯರು ತಮ್ಮ ಕರಡನ್ನು ಸಿದ್ಧಗೊಳಿಸಿದರು. 243 ವಿಧಿಗಳು, 13 ಪರಿಶಿಷ್ಟಗಳು. ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಅದನ್ನು ಆಧಾರವಾಗಿಟ್ಟುಕೊಂಡು 1948ರ ಫೆಬ್ರವರಿಯಲ್ಲಿ 315 ವಿಧಿಗಳ ಹೊಸ ಕರಡನ್ನು ಕೊಟ್ಟಿತು. ಸಭೆಯಲ್ಲಿ ಸುಮಾರು 7,600 ತಿದ್ದುಪಡಿಗಳ ಸೂಚನೆ ಬಂದು, ಅವುಗಳಲ್ಲಿ 2,473 ಮಂಡನೆಯಾಗಿ, ಕೊನೆಗೆ 395 ವಿಧಿಗಳಾದವು. ಈಚೆಗೆ ಕೆಲವರು ರಾಯರನ್ನು ಮೇಲಕ್ಕೆತ್ತುವ ನೆಪದಲ್ಲಿ ಅಂಬೇಡ್ಕರರನ್ನು ಕೆಳಗಿಳಿಸಲು ಹೊರಟಿರುವುದನ್ನು ಕಾಣುತ್ತೇನೆ. ಇದು ಸಲ್ಲದು. ಅಡಿಪಾಯದ ನಕ್ಷೆ ಒಬ್ಬರದು. ಮನೆಯನ್ನು ಕಟ್ಟಿ, ಸಾವಿರಾರು ಆಕ್ಷೇಪಗಳಿಗೆ ಉತ್ತರ ಕೊಟ್ಟು, ಸಭೆಯ ಒಪ್ಪಿಗೆ ಪಡೆದವರು ಇನ್ನೊಬ್ಬರು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರೇ ಶ್ರೇಯಸ್ಸಿನ ಒಂದು ಪಾಲು ರಾಯರಿಗೆ ಸಲ್ಲಬೇಕೆಂದು ಮುಕ್ತ ಮನಸ್ಸಿನಿಂದ ಸಾರಿದರು. ಆ ಇಬ್ಬರ ನಡುವೆ ಇಲ್ಲದ ಜಗಳ ನಮಗೇಕೆ?

ಕರಡನ್ನು ಒಪ್ಪಿಸಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋದರು. ಅಲ್ಲಿನ ನ್ಯಾಯಾಧೀಶರು ಮತ್ತು ರಾಜಕಾರಣಿಗಳನ್ನು ಕಂಡು, ಅವರ ಸಂವಿಧಾನದಲ್ಲಿ ಅನುಭವದಿಂದ ತಿಳಿದ ದೋಷಗಳೇನೆಂದು ವಿಚಾರಿಸುವುದು ಉದ್ದೇಶ. ವಾಷಿಂಗ್ಟನ್ನಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರರೊಡನೆ ನಡೆದ ಮಾತುಕತೆಯಿಂದ ನಮ್ಮ ಸಂವಿಧಾನದ ಒಂದು ಪದಪುಂಜವೇ ಬದಲಾಯಿತು. ಇದನ್ನು ಕೊಂಚ ಬಿಡಿಸಿ ಹೇಳಬೇಕು.

ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಸರಿಯಾದ ನ್ಯಾಯಪ್ರಕ್ರಿಯೆಯಿಲ್ಲದೆ ಕಸಿಯಬಾರದು ಎಂಬುದು ಅಮೆರಿಕದ ಮಾತು. ನಮ್ಮ ಸಲಹಾ ಸಮಿತಿಯೂ ಮೊದಲು ಅದನ್ನೇ ಒಪ್ಪಿತ್ತು. ಆದರೆ ಸರಿಯಾದ ಎಂಬ ಒಂದು ಪದದ ಬಲದಿಂದ ಅಮೆರಿಕದ ನ್ಯಾಯಾಧೀಶರು, ಕಾರ್ಮಿಕರ ಕೆಲಸದ ಗಂಟೆಗಳಿಗೆ ಮಿತಿ ಹಾಕಿದಂತಹ ಕಾಯಿದೆಗಳನ್ನು ಕೂಡ ಹಿಂದೆ ಹೊಡೆದುಹಾಕಿದ್ದುಂಟು. ಕೋಟಿಗಟ್ಟಲೆ ಜನ ಆರಿಸಿದ ಶಾಸನಸಭೆಯ ಕಾಯಿದೆಯನ್ನು ಬೆರಳೆಣಿಕೆಯ ನ್ಯಾಯಾಧೀಶರು ತಮ್ಮ ಅಭಿರುಚಿಗೆ ಒಗ್ಗದೆಂದು ತಳ್ಳಿಹಾಕುವುದು ಪ್ರಜಾಪ್ರಭುತ್ವವೂ ಅಲ್ಲ, ನ್ಯಾಯಾಲಯಕ್ಕೆ ಹೊರಲಾಗದ ಭಾರವೂ ಹೌದು ಎಂಬುದು ಫ್ರಾಂಕ್‌ಫರ್ಟರರ ನಿಲುವು. ರಾಯರಿಗೂ ಮೊದಲಿನಿಂದಲೇ ಇದೇ ಅಂಜಿಕೆಯಿತ್ತು. ಭಾರತದಲ್ಲಿ ಭೂಸುಧಾರಣೆಯಂತಹ ಕೆಲಸಗಳು ನ್ಯಾಯಾಲಯದ ಹೊಸ್ತಿಲಲ್ಲಿ ಮುಗ್ಗರಿಸಿಯಾವೆಂದು ಅವರು ಎಣಿಸಿದರು. ಅವರು ಹಿಂದಿರುಗಿದ ಮೇಲೆ ಕರಡು ಸಮಿತಿಯು ಆ ಮಾತನ್ನು ತೆಗೆದು, ಜಪಾನಿನ ಸಂವಿಧಾನದ ಮಾದರಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಮಾತನ್ನಿಟ್ಟಿತು. ಅದು ಇಂದಿನ 21ನೆಯ ವಿಧಿ.

ಎರಡಕ್ಕೂ ಇರುವ ಅಂತರವನ್ನು ನಾನು ತರಗತಿಯಲ್ಲಿ ಹೀಗೆ ಹೇಳುತ್ತಿದ್ದೆ. ವಿದ್ಯಾರ್ಥಿಯೊಬ್ಬನನ್ನು ಶಾಲೆಯಿಂದ ಹೊರಗೆ ಹಾಕಿದಾಗ, ನಿಯಮದ ಪುಸ್ತಕದಲ್ಲಿ ಹಾಗೆ ಬರೆದಿದೆಯೇ ಎಂದಷ್ಟೇ ನೋಡುವುದು ಒಂದು. ಬರೆದಿರುವ ಆ ನಿಯಮವೇ ನ್ಯಾಯವಾದುದೇ ಎಂದು ಕೇಳುವುದು ಇನ್ನೊಂದು. ಸಂವಿಧಾನ ಸಭೆಯಲ್ಲಿ ಮುನ್ಶಿಯವರಂತಹವರು ಎರಡನೆಯದರ ಪರವಾಗಿ, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರರಂತಹವರು ಮೊದಲನೆಯದರ ಪರವಾಗಿ ವಾದಿಸಿದರು. 1948ರ ಡಿಸೆಂಬರಿನಲ್ಲಿ ಅಂಬೇಡ್ಕರರು ಎರಡು ಕಡೆಯ ಅಪಾಯಗಳನ್ನೂ ಮುಂದಿಟ್ಟು ತೀರ್ಮಾನವನ್ನು ಸಭೆಗೆ ಬಿಟ್ಟರು. ಸಭೆಯು ಕರಡಿನ ಮಾತನ್ನೇ ಒಪ್ಪಿತು.

ಇದರ ಮೊದಲ ಬಿಸಿ ತಟ್ಟಿದ್ದು ನಮ್ಮ ಕಡೆಯವರಿಗೇ. ಕಣ್ಣೂರಿನ ಎ.ಕೆ. ಗೋಪಾಲನ್ ಆಗ ಮುಂಜಾಗರೂಕತಾ ಬಂಧನದಲ್ಲಿ ಮದ್ರಾಸಿನ ಸೆರೆಮನೆಯಲ್ಲಿದ್ದರು. ಹೊಸ ಸರ್ವೋಚ್ಚ ನ್ಯಾಯಾಲಯಕ್ಕೆ ಅವರು ಮೊರೆಹೋದರು. 1950ರ ಮೇ 19ರಂದು ಆರು ನ್ಯಾಯಾಧೀಶರ ಪೀಠವು ಬಹುಮತದಿಂದ, ಸಂಸತ್ತು ಮಾಡಿದ ಕಾಯಿದೆಯ ಕ್ರಮವನ್ನು ಅನುಸರಿಸಿದ್ದರೆ ಸಾಕು, ಆ ಕ್ರಮದ ನ್ಯಾಯಾನ್ಯಾಯವನ್ನು ತಾನು ಅಳೆಯುವಂತಿಲ್ಲ ಎಂದು ಹೇಳಿತು. ಹೀಗೆ ತೀರ್ಮಾನಿಸುವಾಗ ನ್ಯಾಯಾಧೀಶರು ನೋಡಿದ್ದು ಕರಡು ಸಮಿತಿಯು ಬೇಕೆಂದೇ ಬದಲಾಯಿಸಿದ್ದ ಆ ಪದಗಳನ್ನು. ಫಜಲ್ ಅಲಿಯವರು ಮಾತ್ರ ಒಪ್ಪದೆ ಭಿನ್ನ ತೀರ್ಪನ್ನು ಬರೆದರು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ. ಗೋಪಾಲನ್ ಅವರು 1957, 1962, 1967ರ ಮೂರು ಚುನಾವಣೆಗಳಲ್ಲಿ ನಮ್ಮ ಕಾಸರಗೋಡಿನಿಂದಲೇ ಲೋಕಸಭೆಗೆ ಹೋದರು. ಅವರು ತೀರಿಕೊಂಡದ್ದು 1977ರ ಮಾರ್ಚ್ 22ರಂದು. ಅದಾಗಿ ಹತ್ತು ತಿಂಗಳಿಗೆ, 1978ರ ಜನವರಿಯಲ್ಲಿ, ಮನೇಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಕ್ರಮವೆಂದರೆ ನ್ಯಾಯಸಮ್ಮತವೂ ಸಮಂಜಸವೂ ಆದ ಕ್ರಮವೇ ಆಗಿರಬೇಕೆಂದು ಹೇಳಿತು. ರಾಯರು ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ್ದ ಮಾತು ಮೂವತ್ತು ವರ್ಷಗಳ ಮೇಲೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು.

ಈ ವಿಷಯದಲ್ಲಿ ರಾಯರು ತಪ್ಪಿದರೆಂದೇ ನನ್ನ ಅಭಿಪ್ರಾಯ. ಸೆರೆಮನೆಯ ಬಾಗಿಲನ್ನು ಹಾಕುವ ಅಧಿಕಾರವನ್ನು ಶಾಸನಸಭೆಯ ಒಳ್ಳೆಯತನವೊಂದನ್ನೇ ನಂಬಿ ಬಿಡಬಾರದಿತ್ತು. ಆದರೆ ಅವರ ಅಂಜಿಕೆಯ ಇನ್ನೊಂದು ಮುಖವೂ ನನ್ನ ಸ್ವಂತ ಮನೆಯ ಕತೆಯೇ ಆಗಿರುವುದರಿಂದ ಅವರನ್ನು ಪೂರ್ತಿಯಾಗಿ ದೂರಲಾರೆ.

ನನ್ನ ತಂದೆಯವರು ಚಾಲಗೇಣಿ ಒಕ್ಕಲು. ಎರಡು ಎಕ್ರೆ ಗದ್ದೆ, ಕೆಲವು ಅಡಿಕೆ ಮರಗಳು. ಮುಡಿಗಳ ಲೆಕ್ಕದಲ್ಲಿ ಅಕ್ಕಿಯನ್ನು ಧಣಿಗಳ ಮನೆಗೆ ಮುಟ್ಟಿಸಬೇಕು. ಮಳೆ ಕೈಕೊಟ್ಟ ಒಂದು ವರ್ಷ ಗೇಣಿ ಬಾಕಿಯಾಗಿ, ಧಣಿಗಳ ಅಂಗಳದಲ್ಲಿ ತಂದೆ ತಲೆಯ ಮುಟ್ಟಾಳೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದುದನ್ನು ಹತ್ತು ವರ್ಷದ ನಾನು ಗೇಟಿನ ಹೊರಗಿನಿಂದ ಕಂಡಿದ್ದೇನೆ. ಮುಂದಿನ ವರ್ಷ ಗದ್ದೆ ಇರುವುದೋ ಬಿಡುವುದೋ ಅವರ ಬಾಯಿಮಾತಿನಲ್ಲಿತ್ತು. ಕೇರಳದ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1970ರ ಜನವರಿ 1ರಂದು ಗೇಣಿ ಪದ್ಧತಿಯೇ ರದ್ದಾಯಿತು. ಕೆಲವು ವರ್ಷಗಳ ನಂತರ ತಂದೆಯವರ ಹೆಸರಿಗೆ ಪಟ್ಟೆ ಬಂದ ದಿನ ಅವರು ಆ ಕಾಗದವನ್ನು ದೇವರ ಕೋಣೆಯಲ್ಲಿ ಇಟ್ಟರು. ಅವರಿಗೆ ಓದು ಬಾರದು. ನಾನು ಓದಿ ಹೇಳಿದೆ.

ಅದೇ ಕಾಯಿದೆಯಿಂದ ಭೂಮಿ ಕಳೆದುಕೊಂಡವರಲ್ಲಿ ಎಡನೀರು ಮಠವೂ ಒಂದು. ಪೀಠಾಧಿಪತಿ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 13 ನ್ಯಾಯಾಧೀಶರು 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು 7ಕ್ಕೆ 6ರ ಬಹುಮತದಿಂದ, ಸಂಸತ್ತು ಸಂವಿಧಾನದ ಯಾವ ವಿಧಿಯನ್ನೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ತೀರ್ಪಿತ್ತರು. ಮಠಕ್ಕೆ ಭೂಮಿ ಮರಳಲಿಲ್ಲ, ದೇಶಕ್ಕೆ ಒಂದು ಕಟ್ಟೆ ದೊರೆಯಿತು. 2020ರ ಸೆಪ್ಟೆಂಬರಿನಲ್ಲಿ ಸ್ವಾಮಿಗಳು ಮುಕ್ತರಾದಾಗ ದೆಹಲಿಯ ಪತ್ರಿಕೆಗಳೂ ನಮ್ಮ ಎಡನೀರಿನ ಹೆಸರನ್ನು ಬರೆದವು.

ರಾಯರಿಗೂ ಈ ಮೊಕದ್ದಮೆಗೂ ಒಂದು ಎಳೆಯಿದೆ. ಐರ್ಲೆಂಡಿನ ಮಾದರಿಯಲ್ಲಿ, ನ್ಯಾಯಾಲಯದಲ್ಲಿ ಕೇಳಬಹುದಾದ ಹಕ್ಕುಗಳು ಬೇರೆ, ಸರಕಾರಕ್ಕೆ ದಾರಿ ತೋರುವ ನಿರ್ದೇಶಕ ತತ್ವಗಳು ಬೇರೆ ಎಂದು ವಿಂಗಡಿಸಬೇಕೆಂದು ಆರಂಭದಲ್ಲೇ ಹೇಳಿದವರು ಅವರು. ವಿದೇಶ ಪ್ರವಾಸದಿಂದ ಬಂದ ಮೇಲೆ, ನಿರ್ದೇಶಕ ತತ್ವಗಳನ್ನು ನೆರವೇರಿಸಲು ಮಾಡಿದ ಕಾಯಿದೆಯು ಮೂಲಭೂತ ಹಕ್ಕಿಗೆ ವಿರುದ್ಧವೆಂಬ ಕಾರಣಕ್ಕೆ ಬಿದ್ದುಹೋಗಬಾರದು ಎಂಬ ಸೂಚನೆಯನ್ನೂ ಮುಂದಿಟ್ಟರು. ಸಮಿತಿಯು ಅದನ್ನು ಒಪ್ಪಲಿಲ್ಲ. 1971ರ 25ನೆಯ ತಿದ್ದುಪಡಿಯು ಸುಮಾರು ಅದೇ ಮಾತನ್ನು, ಎರಡು ನಿರ್ದೇಶಕ ತತ್ವಗಳ ಮಟ್ಟಿಗೆ, ಸಂವಿಧಾನದೊಳಗೆ ತಂದಿತು. ಎಡನೀರಿನ ತೀರ್ಪು ಆ ಭಾಗವನ್ನು ಉಳಿಸಿಕೊಂಡು, ನ್ಯಾಯಾಲಯವು ಪರಿಶೀಲಿಸಲೇಬಾರದೆಂಬ ಭಾಗವನ್ನು ಕಿತ್ತುಹಾಕಿತು. ಒಂದೇ ತಾಲೂಕಿನಲ್ಲಿ ಒಕ್ಕಲಿನ ಮಗನಾದ ನಾನು ಶಾಸನಸಭೆಗೆ ಕೈಮುಗಿಯುತ್ತೇನೆ, ಭೂಮಿ ಕಳೆದುಕೊಂಡವರು ನ್ಯಾಯಾಲಯದ ಕಡೆಗೆ ನೋಡುತ್ತಾರೆ. ಇಬ್ಬರೂ ಒಂದೇ ಜಾತ್ರೆಯಲ್ಲಿ ಭೇಟಿಯಾಗಿ ಮಾತಾಡಿಸುತ್ತೇವೆ.

ಇನ್ನು ಆ ಹುಡುಗನ ಪ್ರಶ್ನೆ. ಹೊಸ ರಾಜ್ಯ ಮಾಡುವ, ಗಡಿಗಳನ್ನು ಬದಲಾಯಿಸುವ ಅಧಿಕಾರವಿರುವುದು ಸಂವಿಧಾನದ 3ನೆಯ ವಿಧಿಯಲ್ಲಿ. ಅಮೆರಿಕದಲ್ಲಿ ಒಂದು ರಾಜ್ಯವನ್ನು ಒಡೆಯಬೇಕಾದರೆ ಆ ರಾಜ್ಯದ ಶಾಸನಸಭೆಯೇ ಒಪ್ಪಬೇಕು. ನಮ್ಮಲ್ಲಿ ಸಂಸತ್ತಿನ ಸಾಮಾನ್ಯ ಬಹುಮತ ಸಾಕು. ರಾಷ್ಟ್ರಪತಿಗಳ ಶಿಫಾರಸು ಬೇಕು, ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು. ಕೇಳಿದ ಮೇಲೆ ಅದರಂತೆ ನಡೆಯಬೇಕೆಂದಿಲ್ಲ. 2014ರಲ್ಲಿ ಆಂಧ್ರದ ವಿಧಾನಸಭೆಯು ಬೇಡವೆಂದರೂ ತೆಲಂಗಾಣ ಆಯಿತು. ರಾಯರು ಒಮ್ಮೆ ಪ್ರಧಾನಿಯಾಗಿದ್ದ ಜಮ್ಮು ಮತ್ತು ಕಾಶ್ಮೀರವು ಇದೇ ವಿಧಿಯ ಬಲದಿಂದ 2019ರ ಅಕ್ಟೋಬರ್ 31ರಿಂದ ಎರಡು ಕೇಂದ್ರಾಡಳಿತ ಪ್ರದೇಶಗಳಾಯಿತು.

ಮೊದಲು ಹೀಗಿರಲಿಲ್ಲವೆಂಬುದು ನನಗೆ ಆ ಹಳೆಯ ಕಾಗದಗಳಿಂದ ತಿಳಿಯಿತು. 1948ರ ಫೆಬ್ರವರಿಯ ಕರಡಿನಲ್ಲಿ ಈ ವಿಧಿಗೆ ಒಂದು ಷರತ್ತಿತ್ತು. ಬೇರ್ಪಡಿಸಬೇಕಾದ ಪ್ರದೇಶದಿಂದ ಶಾಸನಸಭೆಗೆ ಆಯ್ಕೆಯಾದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಹಾಗೆ ಬೇಕೆಂದು ಕೇಳಿರಬೇಕು, ಇಲ್ಲವೇ ಸಂಬಂಧಪಟ್ಟ ರಾಜ್ಯವೊಂದರ ಶಾಸನಸಭೆ ಠರಾವು ಮಾಡಿರಬೇಕು. ಅದಿಲ್ಲದೆ ಮಸೂದೆಯನ್ನು ತರುವಂತಿಲ್ಲ. ಸಭೆಯ ಚರ್ಚೆಯಲ್ಲಿ ಈ ಷರತ್ತು ಬಿದ್ದುಹೋಯಿತು. ನೂರಾರು ಸಂಸ್ಥಾನಗಳನ್ನು ಆಗತಾನೆ ಜೋಡಿಸುತ್ತಿದ್ದ ಕಾಲ. ಗಡಿಗಳನ್ನು ಮುಂದೆ ಸರಿಪಡಿಸಲು ಸಂಸತ್ತಿನ ಕೈ ಸಡಿಲವಾಗಿರಬೇಕೆಂಬ ವಾದವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೂ ಆ ಪುಟವನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದೆ. ಆ ನಾಲ್ಕು ಸಾಲುಗಳು ಉಳಿದಿದ್ದರೆ, 1956ರಲ್ಲಿ ನಮ್ಮ ತಾಲೂಕಿನ ಪ್ರತಿನಿಧಿಗಳನ್ನು ಕೇಳಬೇಕಾದ ಸಂದರ್ಭವಾದರೂ ಬರುತ್ತಿತ್ತು.

ಕೇಳಿದವರು ಆಯೋಗದವರು. ರಾಜ್ಯಗಳ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರು ಅದೇ ಫಜಲ್ ಅಲಿಯವರು. ಗೋಪಾಲನ್ ಅವರ ಸ್ವಾತಂತ್ರ್ಯಕ್ಕಾಗಿ ಏಕಾಂಗಿಯಾಗಿ ತೀರ್ಪು ಬರೆದ ನ್ಯಾಯಾಧೀಶರ ಸಹಿಯೇ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸುವ 1955ರ ಶಿಫಾರಸಿನ ಕೆಳಗೂ ಇದೆ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಿತು. ಅದು ಜಾರಿಗೆ ಬರಲಿಲ್ಲವೆಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಮಗೆ ದೊರೆತದ್ದು 1956ರ ಏಳನೆಯ ತಿದ್ದುಪಡಿಯಲ್ಲಿ ಬಂದ 350ಎ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ನಮ್ಮ ಶಾಲೆಯ ಐವತ್ತು ವರ್ಷಗಳಲ್ಲಿ ಡಿವಿಜನ್ ಉಳಿಸಿಕೊಳ್ಳಲು, ಕನ್ನಡ ಬಲ್ಲ ಅಧ್ಯಾಪಕರನ್ನು ಪಡೆಯಲು ಬರೆದ ಎಷ್ಟೋ ಅರ್ಜಿಗಳ ಮೊದಲ ಸಾಲಿನಲ್ಲಿ ನಾನು ಈ ವಿಧಿಯ ಸಂಖ್ಯೆಯನ್ನು ಬರೆದಿದ್ದೇನೆ. ಕೆಲವು ಸಲ ಫಲ ಸಿಕ್ಕಿತು.

ಈ ಯಾವುದನ್ನೂ ನೋಡಲು ರಾಯರು ಇರಲಿಲ್ಲ. ಸಂವಿಧಾನದ ಕೆಲಸ ಮುಗಿಯುತ್ತ ಬಂದಾಗಲೇ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ಹೋದರು. 1950ರ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಎರಡು ವರ್ಷ ತುಂಬುವುದರೊಳಗೆ, 1953ರ ನವೆಂಬರ್ 30ರಂದು, ಸ್ವಿಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೆ ಅರುವತ್ತಾರು ವರ್ಷ. ಸೋದರ ಬೆನಗಲ್ ರಾಮರಾಯರು ಆಗ ರಿಸರ್ವ್ ಬ್ಯಾಂಕಿನ ಗವರ್ನರರು. ಶಿವರಾಯರು ಮೊದಲ ಲೋಕಸಭೆಯಲ್ಲಿ ದಕ್ಷಿಣ ಕನ್ನಡದ ಪ್ರತಿನಿಧಿ. ಅಣ್ಣನ ಟಿಪ್ಪಣಿಗಳನ್ನೆಲ್ಲ ಕೂಡಿಸಿ 1960ರಲ್ಲಿ ಪುಸ್ತಕವಾಗಿ ಹೊರತಂದವರು ಈ ಶಿವರಾಯರೇ.

ನನಗೆ ಮಂಗಳೂರಿನಲ್ಲಿ ಸಿಕ್ಕಿದ್ದು ಆ ಪುಸ್ತಕ. ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಅದನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ರಟ್ಟು ಸಡಿಲವಾಗಿದೆ, ಬದಿಯಲ್ಲೆಲ್ಲ ನಾನು ಪೆನ್ಸಿಲಿನಿಂದ ಬರೆದ ಕನ್ನಡ ಅರ್ಥಗಳಿವೆ, ಕೆಲವು ತಪ್ಪಾಗಿರಲೂಬಹುದು. ಅಂದು ನಾನು ಗದರಿ ಕೂರಿಸಿದ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಸಮಾರಂಭಕ್ಕೆ ಬಂದರೆ ಅವನು ಗ್ರಂಥಾಲಯದ ಕಡೆಗೂ ಒಮ್ಮೆ ಹೋಗಲಿ. ಮೂರನೆಯ ವಿಧಿಯ ಆ ಹಳೆಯ ಷರತ್ತನ್ನು ಬೇರೊಂದು ಕಾಗದದಲ್ಲಿ ಕನ್ನಡದಲ್ಲಿ ಬರೆದು ಪುಸ್ತಕದ ನಡುವೆ ಇಟ್ಟಿದ್ದೇನೆ.